ಕಾಗದದ ಚೀಲದೊಳಗೊಂದು ಮರ

ಜಪಾನಿನ ಕಲಾವಿದ ಯೂಕೆನ್ ತೆರುಯಾ ಅವರ ‘ನೋಟಿಸ್ – ಫಾರೆಸ್ಟ್’ ಎಂಬ ಕಲಾಕೃತಿಗಳ ಸರಣಿಯಲ್ಲಿ ಬಳಕೆಯಾಗಿರುವುದು ಅಂಗಡಿಯಲ್ಲಿ ಸಾಮಾನು ಹಾಕಿಕೊಡುವ ಕಾಗದದ ಚೀಲ. ಚೀಲವನ್ನು ಅಡ್ಡಲಾಗಿ ಮಲಗಿಸಿ, ಆಗ ಮೇಲ್ಛಾವಣಿಯಾಗುವ ಬದಿಯಲ್ಲಿ ಕಾಂಡ, ಕೊಂಬೆ, ಎಲೆಗಳ ಆಕಾರವನ್ನು ಅತಿ ಸೂಕ್ಷ್ಮವಾಗಿ ಕತ್ತರಿಸಿ, ಆ ಕಾಗದವನ್ನೇ ಒಳಕ್ಕೆ ಇಳಿಸಿ ಅವರು ಒಂದು ಮರವನ್ನು ನಿಲ್ಲಿಸುತ್ತಾರೆ. ನೋಡುವವರು ಬಗ್ಗಿ, ಚೀಲದ ಬಾಯಿಯ ಮಟ್ಟಕ್ಕೆ ಕಣ್ಣನ್ನು ತಂದುಕೊಂಡರೆ ಮಾತ್ರ ಒಳಗಿನ ಮರ ಪೂರ್ತಿಯಾಗಿ ಕಾಣುತ್ತದೆ.

ಈ ಕೃತಿಗಳ ಜೀವಾಳವಿರುವುದು ಬೆಳಕಿನಲ್ಲಿ ಎಂದು ನಾನು ತಿಳಿದಿದ್ದೇನೆ. ಕಾಗದ ಕತ್ತರಿಸಿದ ಜಾಗವೆಲ್ಲ ರಂಧ್ರವಾಗಿ ಉಳಿಯುವುದರಿಂದ, ಮರದ ಮೇಲೆ ಬೀಳುವ ಬೆಳಕು ಆ ಮರವೇ ತೆರವು ಮಾಡಿದ ದಾರಿಯಿಂದ ಇಳಿಯುತ್ತದೆ. ನಿಜವಾದ ಕಾಡಿನಲ್ಲಿ ಎಲೆ ದಟ್ಟವಾದಷ್ಟೂ ನೆಲಕ್ಕೆ ಬಿಸಿಲು ಕಡಿಮೆ. ತೆರುಯಾ ಅವರ ಚೀಲದಲ್ಲಿ ಎಲೆ ಹೆಚ್ಚಿದಷ್ಟೂ ಮೇಲೆ ರಂಧ್ರ ಹೆಚ್ಚು, ಒಳಗೆ ಬೆಳಕೂ ಹೆಚ್ಚು. ನಮ್ಮ ತೊಗಲು ಗೊಂಬೆಗಳಲ್ಲಿಯೂ ಒಡವೆ, ಉಡುಗೆಯ ಅಂಚುಗಳನ್ನು ಸಣ್ಣ ರಂಧ್ರಗಳಿಂದ ಬಿಡಿಸಿ, ಹಿಂದಿನಿಂದ ಬರುವ ದೀಪದ ಬೆಳಕಿಗೆ ಅವು ಹೊಳೆಯುವಂತೆ ಮಾಡುತ್ತಾರೆ. ಆದರೆ ಅಲ್ಲಿ ಕೊರೆದು ತೆಗೆದ ಚೂರಿಗೆ ಮುಂದೆ ಕೆಲಸವಿರುವುದಿಲ್ಲ. ಇಲ್ಲಿ ತೆಗೆದದ್ದೇ ಶಿಲ್ಪ, ಉಳಿದದ್ದೇ ಅದರ ಆಕಾಶ.

ಈ ಮರಗಳು ಕಲ್ಪನೆಯವಲ್ಲ ಎಂಬುದು ನನಗೆ ಬಹಳ ಮುಖ್ಯವಾಗಿ ತೋರುತ್ತದೆ. ತಾವು ಕಂಡು ಛಾಯಾಚಿತ್ರ ತೆಗೆದುಕೊಂಡ ನಿರ್ದಿಷ್ಟ ಮರಗಳನ್ನು ಆಧರಿಸಿ ತೆರುಯಾ ಅವುಗಳನ್ನು ಕತ್ತರಿಸುತ್ತಾರೆ. ಹಾಗಾಗಿ ಒಂದು ಮರದ ಕೊಂಬೆ ಹರಡುವ ರೀತಿ ಇನ್ನೊಂದಕ್ಕಿಲ್ಲ. ಪ್ರತಿಯೊಂದೂ ಒಂದು ಮರದ ಭಾವಚಿತ್ರ. ಮರದ ತಿರುಳಿನಿಂದ ತಯಾರಾಗಿ, ಕೆಲವೇ ನಿಮಿಷ ಕೈಯಲ್ಲಿದ್ದು ಕಸದ ಬುಟ್ಟಿ ಸೇರುವ ಮೆಕ್‌ಡೊನಾಲ್ಡ್ಸ್ ಚೀಲದೊಳಗೆ ಅಂಥದೊಂದು ಮರ ನಿಂತಾಗ, ಚೀಲದ ಮೇಲಿನ ಅಚ್ಚೂ ಬಣ್ಣವೂ ಹಾಗೆಯೇ ಉಳಿದು ಒಳಗಿನ ಮರಕ್ಕೂ ಅದೇ ಬಣ್ಣ ಬರುತ್ತದೆ. ದುಬಾರಿ ಮಳಿಗೆಗಳ ದಪ್ಪ ಚೀಲಗಳನ್ನೂ ಅವರು ಬಳಸಿದ್ದಾರೆ. ನನಗೆ ಮಾತ್ರ ತೆಳು ಕಾಗದದ ತಿಂಡಿ ಚೀಲಗಳೇ ಹೆಚ್ಚು ಹಿಡಿಸುತ್ತವೆ, ಏಕೆಂದರೆ ಅವುಗಳಿಂದ ಯಾರೂ ಏನನ್ನೂ ನಿರೀಕ್ಷಿಸುವುದಿಲ್ಲ.

ತೆರುಯಾ ಹುಟ್ಟಿದ್ದು 1973ರಲ್ಲಿ, ಓಕಿನಾವಾದಲ್ಲಿ. ಎರಡನೆಯ ಮಹಾಯುದ್ಧದ ನಂತರ ಅಮೆರಿಕದ ಆಡಳಿತದಲ್ಲಿದ್ದ ಆ ದ್ವೀಪಗಳು ಜಪಾನಿಗೆ ಮರಳಿದ್ದು ಅದರ ಹಿಂದಿನ ವರ್ಷ. ಟೋಕಿಯೋದಲ್ಲಿಯೂ ಅನಂತರ ನ್ಯೂಯಾರ್ಕಿನಲ್ಲಿಯೂ ಕಲೆಯನ್ನು ಅಭ್ಯಾಸ ಮಾಡಿದ ಅವರು, ಕೊಳ್ಳುವಿಕೆಯ ಗುರುತುಗಳನ್ನೇ ತಮ್ಮ ಸಾಮಗ್ರಿಯಾಗಿ ಆರಿಸಿಕೊಂಡದ್ದನ್ನು ಈ ಹಿನ್ನೆಲೆಯಲ್ಲಿಯೂ ಓದಬಹುದು.

ಟಾಯ್ಲೆಟ್ ಪೇಪರಿನ ಸುರುಳಿಯ ರಟ್ಟಿನಿಂದ ಸಣ್ಣ ಕೊಂಬೆಗಳು ಚಿಗುರುವ ‘ಕಾರ್ನರ್ ಫಾರೆಸ್ಟ್’ ಕೂಡ ಅವರದೇ. ಅದರ ಕೈಚಳಕ ಕಡಿಮೆಯದೇನಲ್ಲ. ಆದರೆ ಅಲ್ಲಿ ಕೊಂಬೆಗಳು ಹೊರಗೆ ಚಾಚಿ ಕೋಣೆಯ ಬೆಳಕನ್ನೇ ಹಂಚಿಕೊಳ್ಳುತ್ತವೆ; ಚೀಲದ ಮರಕ್ಕಿರುವಂತೆ ಅವಕ್ಕೆ ತಮ್ಮದೇ ಆದ ಬಿಸಿಲಿಲ್ಲ.