ಪ್ರೂಫ್‌ನಲ್ಲಿ ಬದಲಾದ ಸಾಲು: ಲೇಖಕ–ಸಂಪಾದಕರ ತಕರಾರು ಬಿಡಿಸುವ ಬಗೆ

ಸಂಶೋಧನಾ ಲೇಖನಗಳ ಸಂಪುಟ ಅಚ್ಚಿಗೆ ಹೋಗುವ ಹೊತ್ತಿಗೆ ‘ನನ್ನ ಲೇಖನಾ ಕೆಡಿಸಿಬಿಟ್ರಿ ಸರ್’ ಎಂದು ಫೋನು ಬಂದರೆ, ವಾದಕ್ಕೆ ಇಳಿಯುವ ಮೊದಲು ಮೂರು ಪ್ರತಿಗಳನ್ನು ಮೇಜಿನ ಮೇಲಿಡಬೇಕು: ಲೇಖಕರು ಕಳಿಸಿದ್ದು, ಸಂಪಾದಕರು ತಿದ್ದಿದ್ದು, ಕೊನೆಯ ಪ್ರೂಫು (ಅಚ್ಚಿಗೆ ಮುಂಚಿನ ಕರಡು). ಬೆಳಗಾವಿಯಿರಲಿ ವಿಜಯಪುರವಿರಲಿ, ಸಾಮಾನ್ಯವಾಗಿ ಸಿಗದೇ ಹೋಗುವುದು ನಡುವಿನದು. ಸಂಪಾದಕರು ಪ್ರಿಂಟ್ ತೆಗೆದು ಕೆಂಪು ಪೆನ್ನಿನಲ್ಲಿ ತಿದ್ದುತ್ತಾರೆ, ಡಿಟಿಪಿಯವರು ಅದನ್ನು ನೋಡಿ ಟೈಪ್ ಮಾಡುತ್ತಾರೆ, ಆಮೇಲೆ ಆ ಹಾಳೆ ರದ್ದಿಗೆ ಹೋಗುತ್ತದೆ. ಅದು ಹೋದಮೇಲೆ ಯಾವ ಅಕ್ಷರ ಯಾರ ಕೈಯಲ್ಲಿ ಬದಲಾಯಿತೆಂದು ಹೇಳಲು ಆಧಾರವೇ ಉಳಿಯುವುದಿಲ್ಲ. ತಿದ್ದಿದ ಪ್ರತಿಯನ್ನು ಮೊಬೈಲಿನಲ್ಲಾದರೂ ಸ್ಕ್ಯಾನ್ ಮಾಡಿ, ದಿನಾಂಕ ಹಾಕಿ, ಲೇಖಕರಿಗೂ ಒಂದು ಪ್ರತಿ ಕಳಿಸಿ.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗ ಎಷ್ಟೋ ಸಲ ಸಂಪಾದಕರ ತಪ್ಪೇ ಇರುವುದಿಲ್ಲ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದ ‘ಮಾಧವನೀತನ್ ಪೆಱನಲ್ಲ’ ಎಂಬ ಮಾತನ್ನೇ ತೆಗೆದುಕೊಳ್ಳಿ. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಧ’ ಒಂದೇ ಸಂಕೇತವಲ್ಲ. ‘ದ’ದ ಭಾಗಕ್ಕೆ ಕೆಳಗಿನ ಸೀಳು ಬೇರೆ ಸಂಕೇತವಾಗಿ ಸೇರಿರುತ್ತದೆ. ಕಡತವನ್ನು ಯೂನಿಕೋಡಿಗೆ ಬದಲಿಸುವಾಗ ಆ ಸೀಳು ಉದುರಿದರೆ ‘ಮಾದವ’ ಆಗುತ್ತದೆ. ಹಳಗನ್ನಡದ ‘ಱ’ ಅಕ್ಷರ ಇಲ್ಲದ ಕಡೆ ಟೈಪ್ ಮಾಡುವವರು ‘ರ’ ಒತ್ತಿಬಿಡುತ್ತಾರೆ. ಶಾಸನದ ಭಾಷೆಯ ಮೇಲೆಯೇ ನಿಂತ ಲೇಖನಕ್ಕೆ ಇದು ಸಣ್ಣ ಪೆಟ್ಟಲ್ಲ. ಹಾಗಾಗಿ ಲೇಖನದ ಜೊತೆ ಪಿಡಿಎಫ್ ಕಳಿಸುವುದು ಲೇಖಕರ ಕೆಲಸ. ಪ್ರೂಫ್‌ನಲ್ಲಿ ಶಾಸನಪಾಠ, ವಚನಪಾಠ ಬರುವ ಪುಟಗಳನ್ನು ಆ ಪಿಡಿಎಫ್ ಎದುರಿಗಿಟ್ಟು ಅಕ್ಷರಶಃ ಓದಿಸುವುದು ಸಂಪಾದಕರ ಕೆಲಸ. ವಿಜಯಪುರದಲ್ಲಿ ವಚನಗಳ ಸಂಶೋಧಕ ಫ.ಗು. ಹಳಕಟ್ಟಿಯವರು 1926ರಲ್ಲಿ ‘ಶಿವಾನುಭವ’ ಪತ್ರಿಕೆ ಆರಂಭಿಸಿದಾಗ ಸಂಗ್ರಹ, ಸಂಪಾದನೆ, ಮುದ್ರಣದ ಹೊಣೆ ಬಹುಪಾಲು ಅವರೊಬ್ಬರ ಮೇಲೇ ಇತ್ತು. ಈಗ ಒಂದು ಲೇಖನ ನಾಲ್ಕೈದು ಕೈ ದಾಟುತ್ತದೆ.

ನಿಜವಾದ ತಿದ್ದುಪಡಿಯ ಜಗಳಕ್ಕೆ ಬಂದರೆ, ಕಾಗುಣಿತ, ಅಡಿಟಿಪ್ಪಣಿಯ ರೂಪ, ಉಪಶೀರ್ಷಿಕೆ ಇವು ಸಂಪಾದಕರ ಹಕ್ಕು, ಕೇಳಬೇಕಾಗಿಲ್ಲ. ಮೂಲಪಾಠ, ಕಾಲನಿರ್ಣಯ, ಅಂಕಿ, ತೀರ್ಮಾನ ಇವನ್ನು ಲೇಖಕರ ಲಿಖಿತ ಒಪ್ಪಿಗೆಯಿಲ್ಲದೆ ಮುಟ್ಟಬಾರದು. ತೀರ್ಮಾನ ಸಂಪಾದಕರಿಗೆ ಒಪ್ಪಿಗೆಯಾಗದಿದ್ದರೆ ಅಡಿಯಲ್ಲಿ ‘ಸಂ.’ (ಸಂಪಾದಕರು) ಎಂದು ಬರೆದು ತಮ್ಮ ಭಿನ್ನಾಭಿಪ್ರಾಯ ಹಾಕಲಿ. ಕಷ್ಟ ಇರುವುದು ಪುಟ ಕಡಿಮೆ ಮಾಡುವಲ್ಲಿ. ಹದಿನೆಂಟು ಪುಟವನ್ನು ಹತ್ತಕ್ಕೆ ಇಳಿಸುವಾಗ ಸಂಪಾದಕರು ಮೊದಲು ಕೈಯಿಡುವುದು ಪೂರ್ವಾಧ್ಯಯನಗಳ ಸಮೀಕ್ಷೆಗೆ. ಅದು ಹೋದರೆ ಲೇಖಕರು ಹಿಂದಿನವರ ಮಾತನ್ನು ತಮ್ಮದೆಂದು ಹೇಳಿದಂತೆ ಕಾಣುತ್ತದೆ. ಎಷ್ಟು ಪುಟ ಬೇಕೆಂದು ತಿಳಿಸಿ, ಲೇಖಕರ ಕೈಯಲ್ಲೇ ಕಡಿಮೆ ಮಾಡಿಸುವುದು ಮೇಲು.

ಲೇಖಕರ ದೂರು ‘ನನ್ನ ಶೈಲಿ ಹೋಯಿತು’ ಎಂದಿದ್ದರೆ ಯಾರಿಂದಲೂ ಬಗೆಹರಿಯದು. ಪುಟ, ಸಾಲು, ನಾನು ಬರೆದದ್ದು, ಪ್ರೂಫ್‌ನಲ್ಲಿರುವುದು, ಆಗಬೇಕಾದದ್ದು, ಆಧಾರ: ಹೀಗೆ ಆರು ಕಾಲಮ್ಮಿನ ಪಟ್ಟಿ ಕೊಡಿ. ಸಂಪಾದಕರು ಒಂದು ವಾರದಲ್ಲಿ ಸಾಲುಸಾಲಿಗೂ ಉತ್ತರ ಬರೆಯಲಿ. ಒಪ್ಪಿಗೆಯಾಗದೆ ಉಳಿದ ಅಂಶಗಳು ಮಾತ್ರ ಮೂರನೆಯ ಓದುಗರಿಗೆ ಹೋಗಲಿ. ನಮ್ಮ ಕಡೆ ಸಂಪಾದಕರು ಲೇಖಕರ ಪಿಎಚ್‌ಡಿ ಗೈಡೇ ಆಗಿರುವುದು ಸಾಮಾನ್ಯ; ಎದುರು ನಿಂತು ಮಾತಾಡಲು ಶಿಷ್ಯರಿಗೆ ಬಾಯಿ ಬರುವುದಿಲ್ಲ. ಆದ್ದರಿಂದ ವಿಜಯಪುರದ ತಕರಾರಿಗೆ ಬೆಳಗಾವಿಯವರನ್ನೋ ಧಾರವಾಡದವರನ್ನೋ ಹಿಡಿಯಿರಿ, ಇಬ್ಬರ ಹೆಸರನ್ನೂ ತೆಗೆದು ಕಳಿಸಿ.

ಹೆಸರುಗಳ ಸರದಿಯ ಜಗಳ ಬೇರೆಯದೇ. ಯಾರು ಮೊದಲ ಲೇಖಕರೆಂದು ಸಂಪಾದಕರು ತೀರ್ಪು ಕೊಡಬಾರದು. 1997ರಲ್ಲಿ ಆರಂಭವಾದ ಪ್ರಕಾಶನ ನೀತಿ ಸಮಿತಿ ‘ಕೋಪ್’ ಹೇಳುವ ದಾರಿಯೂ ಇದೇ: ಪ್ರಕಟಣೆ ತಡೆಹಿಡಿದು, ಎಲ್ಲ ಲೇಖಕರ ಲಿಖಿತ ಒಪ್ಪಿಗೆ ಕೇಳಿ, ಸಿಗದಿದ್ದರೆ ಅವರ ಸಂಸ್ಥೆಗೇ ಒಪ್ಪಿಸುವುದು. ಕೋಪ್‌ಗೆ ದೂರು ಕೊಡಬೇಕೆಂದರೆ ಪತ್ರಿಕೆ ಅದರ ಸದಸ್ಯನಾಗಿರಬೇಕು, ಪತ್ರಿಕೆಯ ಒಳಗಿನ ದೂರಿನ ದಾರಿ ಮುಗಿದಿರಬೇಕು.

ಕೃತಿಚೌರ್ಯದ ಮಾತು ಬಂದರೆ ಸಂಪಾದಕರು ತಾವೇ ಶಿಕ್ಷೆ ಕೊಡಲು ಹೋಗಬಾರದು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮದಂತೆ ಬೇರೆಯವರ ಬರಹದೊಂದಿಗೆ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಆಧಾರ ಕೊಟ್ಟ ಉದ್ಧರಣೆಗಳು, ಗ್ರಂಥಋಣ ಲೆಕ್ಕಕ್ಕೆ ಬರುವುದಿಲ್ಲ. ವಚನಗಳನ್ನೂ ಸೇರಿಸಿ ಎಣಿಸಿದ ವರದಿ ಹಿಡಿದು ಆರೋಪ ಹೊರಿಸುವುದು ಅನ್ಯಾಯ. ಅದನ್ನು ಪರಿಶೀಲಿಸಬೇಕಾದ್ದು ಸಂಸ್ಥೆಯ ಶೈಕ್ಷಣಿಕ ಪ್ರಾಮಾಣಿಕತೆಯ ಸಮಿತಿ.

ಕಾನೂನಿನ ಎರಡು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ 57ನೇ ಕಲಮಿನ ಪ್ರಕಾರ ಹಕ್ಕು ಬರೆದುಕೊಟ್ಟ ಮೇಲೂ ಕೃತಿ ತನ್ನದೆಂದು ಹೇಳುವ, ಗೌರವಕ್ಕೆ ಕುಂದು ತರುವಂಥ ವಿರೂಪವನ್ನು ತಡೆಯುವ ಅಧಿಕಾರ ಲೇಖಕರಿಗೆ ಉಳಿಯುತ್ತದೆ. 19ನೇ ಕಲಮಿನಂತೆ ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು; ಕರಾರಿನಲ್ಲಿ ಬೇರೆ ಹೇಳಿರದಿದ್ದರೆ, ಪಡೆದವರು ಒಂದು ವರ್ಷದೊಳಗೆ ಬಳಸದ ಹಕ್ಕಿನ ವರ್ಗಾವಣೆ ಬಿದ್ದುಹೋಗುತ್ತದೆ. ಲೇಖನ ಕಪಾಟಿನಲ್ಲಿ ಕೊಳೆಯುತ್ತಿರುವವರು ತಮ್ಮ ಕರಾರು ತೆಗೆದು ನೋಡಿಕೊಳ್ಳಲಿ.

ಲೇಖನ ವಾಪಸು ಪಡೆಯುವುದೇ ದಾರಿಯಾದರೆ ‘ಹಿಂತೆಗೆದುಕೊಳ್ಳಲು ಒಪ್ಪಿದ್ದೇವೆ’ ಎಂಬ ಇಮೇಲ್ ಕೈಗೆ ಬರುವವರೆಗೂ ಬೇರೆಡೆ ಕಳಿಸಬೇಡಿ. ಎರಡು ಕಡೆ ಅಚ್ಚಾದರೆ ಹೊಣೆ ನಿಮ್ಮ ಮೇಲೇ ಬೀಳುತ್ತದೆ. ಅಚ್ಚಾಗಿಯೇ ಹೋಗಿದ್ದರೆ, ಉಳಿದ ಪ್ರತಿಗಳಿಗೆ ತಿದ್ದುಪಡಿಯ ಚೀಟಿ ಅಂಟಿಸಿ, ಮುಂದಿನ ಸಂಚಿಕೆಯಲ್ಲಿ ಪುಟಸಂಖ್ಯೆ ಸಮೇತ ಪ್ರಕಟಿಸಿ, ಜಾಲತಾಣದ ಪಿಡಿಎಫ್‌ಗೂ ಅದೇ ಪುಟ ಸೇರಿಸಿ, ಯಾವ ದಿನ ಸೇರಿಸಿದ್ದೆಂದು ನಮೂದಿಸಬೇಕು.