ತಡಿಯಂಡಮೋಳ್ ಹತ್ತುವ ಮೊದಲು ಶೂ ಬಗ್ಗಿಸಿ ನೋಡಿ

ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತುವಾಗ ನನ್ನ ಬಲಗಾಲಿನ ಶೂ ಬಾಯಿ ಬಿಟ್ಟಿದ್ದು ದಾರಿಯ ದೊಡ್ಡ ಬಂಡೆಯ ಹತ್ತಿರ. ಅಲ್ಲಿಯವರೆಗೆ ಜೀಪ್ ದಾರಿ, ಮಾತಾಡಿಕೊಂಡು ಹೋಗಬಹುದು. ನಿಜವಾದ ಏರು ಶುರುವಾಗುವುದೇ ಅಲ್ಲಿಂದ. ಕೂತು ನೀರು ಕುಡಿದು ಎದ್ದೆ. ಕಾಲು ಬಂತು, ಸೋಲ್ ಅರ್ಧ ಹಿಂದೆ ಉಳಿಯಿತು. ಅಕ್ಕನ ಮಗ ಬಗ್ಗಿ ನೋಡಿ, "ಮಾಮ, ಇದು ನಿಮ್ಮ ಮದುವೆಗೆ ತಗೊಂಡಿದ್ದಾ?" ಅಂದ. ಬೈಯೋಣ ಅಂದರೆ ಉಸಿರಿರಲಿಲ್ಲ.

ಆ ಶೂ ತೆಗೆದುಕೊಂಡು ನಾಲ್ಕು ವರ್ಷ ಆಗಿತ್ತು. ಹಾಕಿದ್ದು ಐದಾರು ಸಲ ಅಷ್ಟೆ. ಎಡವಟ್ಟಾಗಿದ್ದೇ ಅದರಿಂದ. ಇಂಥ ಶೂಗಳ ಸೋಲಿನಲ್ಲಿ ಮೆತ್ತನೆಯ ಪಾಲಿಯುರೆಥೇನ್ ಪದರ ಇರುತ್ತದೆ. ಹಾಕದೆ ಸುಮ್ನೆ ಇಟ್ಟರೂ ಗಾಳಿಯ ತೇವಕ್ಕೆ ಅದು ವರ್ಷಗಟ್ಟಲೆ ಒಳಗೊಳಗೇ ಕೆಡುತ್ತಾ ಹೋಗುತ್ತದೆ. ನಮ್ಮ ಕೊಡಗಿನ ಮಳೆಗಾಲದಲ್ಲಿ ಬೀರುವಿನೊಳಗಿನ ಬೆಲ್ಟಿಗೇ ಬೂಷ್ಟು ಹಿಡಿಯುತ್ತೆ, ಇನ್ನು ಅಟ್ಟದ ಮೇಲಿನ ಶೂ ಕಥೆ ಕೇಳಬೇಕಾ? ಮೇಲಿಂದ ನೋಡಿದರೆ ಹೊಸದರ ಹಾಗೇ ಇರುತ್ತದೆ. ಹಾಗಾಗಿ ಹೊರಡುವ ಎರಡು ವಾರ ಮೊದಲೇ ಇಳಿಸಿ. ಎರಡೂ ಕೈಯಲ್ಲಿ ಹಿಡಿದು ಚೆನ್ನಾಗಿ ಬಗ್ಗಿಸಿ. ಹಿಮ್ಮಡಿಯ ಪದರವನ್ನು ಹೆಬ್ಬೆರಳಲ್ಲಿ ಒತ್ತಿ. ಬಿರುಕು ಕಂಡರೆ, ಪುಡಿ ಉದುರಿದರೆ ಆಸೆ ಬಿಡಿ. ಬರೀ ಅಂಟು ಬಿಟ್ಟಿದ್ದರೆ ಸುತ್ತಲೂ ಹೊಲಿಗೆ ಹಾಕಿಸಬಹುದು. ಹೊಸದು ಕೊಂಡರೆ ದಿನಾ ಹಾಕಿ ಓಡಾಡಿ ಪಳಗಿಸಿ. ಬೆಟ್ಟದ ಮೇಲೆ ಉದ್ಘಾಟನೆ ಬೇಡ.

ಅವತ್ತು ಟವೆಲ್ ಹರಿದು ಶೂ ಸುತ್ತ ಕಟ್ಟಿದೆವು. ಅದರಲ್ಲೇ ಮುಕ್ಕಾಲು ಗಂಟೆ ಹೋಯಿತು. ಇನ್ನೊಂದಿಷ್ಟು ಹತ್ತಿದ ಮೇಲೆ ಗಂಟೆ ನೋಡಿದರೆ ಒಂದು. ಒಂದು ಗಂಟೆಗೆ ಎಲ್ಲಿದ್ದರೂ ವಾಪಸ್ ಅಂತ ಕೆಳಗೇ ಮಾತಾಡಿಕೊಂಡಿದ್ದೆವು. ತಿರುಗಿದೆವು. ತುದಿ ಕಣ್ಣೆದುರೇ ಕಾಣುತ್ತಿತ್ತು, ಹೊಟ್ಟೆ ಉರಿಯಿತು. ಆದರೆ ಡಿಸೆಂಬರಿನಲ್ಲಿ ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ಕಾಡಿನ ಮರೆಯಲ್ಲಿ ಅದಕ್ಕೂ ಮೊದಲೇ ಕತ್ತಲು. ಆನೆ ಓಡಾಡುವ ಜಾಗದಲ್ಲಿ ಮೊಬೈಲ್ ಬೆಳಕು ಹಿಡಿದು ಇಳಿಯುವ ಶೋಕಿ ನನಗಿಲ್ಲ.

ಮತ್ತೆ ಹೋಗಿದ್ದು ಜನವರಿಯಲ್ಲಿ. ಈ ಸಲ ಪೂರ್ತಿ ಹತ್ತಿದೆವು. ಕೆಳಗೆ ಬರೆದಿರುವುದು ಆ ಎರಡೂ ದಿನದಲ್ಲಿ ಕಲಿತಿದ್ದು.

ತಡಿಯಂಡಮೋಳ್ 1748 ಮೀಟರ್, ಕೊಡಗಿನಲ್ಲಿ ಇದಕ್ಕಿಂತ ಎತ್ತರದ ಬೆಟ್ಟ ಇಲ್ಲ. ಮಡಿಕೇರಿಯಿಂದ ನಾಪೋಕ್ಲು ದಾರಿಯಲ್ಲಿ ಕಕ್ಕಬ್ಬೆಗೆ ಬರಬೇಕು. ವಿರಾಜಪೇಟೆ ಕಡೆಯಿಂದಲೂ ಬರಬಹುದು. ಬಸ್ಸಿನಲ್ಲಿ ಬರುವವರು ಕೈಕಂಬ ಸ್ಟಾಪಿನಲ್ಲಿ ಇಳಿಯಿರಿ. ಆದರೆ ಬಸ್ಸು ಕಮ್ಮಿ. ಬೆಳಿಗ್ಗೆ ಬಸ್ಸಿನಲ್ಲಿ ಬಂದು ಅದೇ ದಿನ ಹತ್ತಿ ಇಳಿಯುತ್ತೇನೆ ಅನ್ನುವುದು ಕಷ್ಟ. ಹಿಂದಿನ ರಾತ್ರಿ ಕಕ್ಕಬ್ಬೆ ಹತ್ತಿರವೇ ಉಳಿದುಬಿಡಿ. ಹತ್ತುವ ದಾರಿಯಲ್ಲೇ ಸಿಗುವ ನಾಲ್ಕುನಾಡು ಅರಮನೆಯಿಂದ ತುದಿಗೆ ಸುಮಾರು 7 ಕಿ.ಮೀ. ಅರಣ್ಯ ಇಲಾಖೆಯ ಅನುಮತಿ ಬೇಕು. ಬುಕಿಂಗ್, ಗೇಟಿನ ಸಮಯ ಎರಡನ್ನೂ ಮೊದಲೇ ವಿಚಾರಿಸಿಕೊಳ್ಳಿ, ಗುರುತಿನ ಚೀಟಿ ಜೊತೆಗಿರಲಿ. ಬೇಸಿಗೆ ಹತ್ತಿರ ಬಂದು ಕಾಡ್ಗಿಚ್ಚಿನ ಭಯ ಶುರುವಾದರೆ ಚಾರಣ ನಿಲ್ಲಿಸುವುದೂ ಉಂಟು.

ಅರಮನೆಗೆ ಒಂದು ಅರ್ಧ ಗಂಟೆ ಇಟ್ಟುಕೊಳ್ಳಿ. 1792ರಿಂದ 94ರೊಳಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ಕಟ್ಟಿಸಿದ್ದು. ಮರದ ಕಂಬಗಳ ಎರಡಂತಸ್ತಿನ ಮನೆ, ಅರಮನೆ ಅನ್ನುವ ಆಡಂಬರ ಇಲ್ಲ. 1834ರಲ್ಲಿ ಬ್ರಿಟಿಷರು ದಂಡೆತ್ತಿ ಬಂದಾಗ ಕೊಡಗಿನ ಕೊನೆಯ ಅರಸ ಚಿಕ್ಕ ವೀರರಾಜೇಂದ್ರ ಅಡಗಿದ್ದೂ ಇಲ್ಲೇ. ಸುತ್ತಲ ಬೆಟ್ಟ ನೋಡಿದರೆ ಯಾಕೆ ಇಲ್ಲಿಗೇ ಬಂದ ಅಂತ ಗೊತ್ತಾಗುತ್ತದೆ. ಆದರೆ ಇದನ್ನು ಹಿಂದಿನ ದಿನ ಸಂಜೆಯೇ ನೋಡಿ ಮುಗಿಸಿ. ಬೆಳಗಿನ ಹೊತ್ತು ಹತ್ತುವುದಕ್ಕೆ ಬೇಕು.

ಚಳಿಗಾಲ ಅಂದ ಕೂಡಲೇ ಎಲ್ಲರೂ ಸ್ವೆಟರ್ ಹುಡುಕುತ್ತಾರೆ, ನೀರು ಮರೆಯುತ್ತಾರೆ. ನಾನೂ ಮೊದಲ ಸಲ ಒಂದೂವರೆ ಲೀಟರ್ ಒಯ್ದಿದ್ದೆ. ಬೆಳಿಗ್ಗೆ ಕಾಫಿ ತೋಟದ ನಡುವೆ ಕೈ ಉಜ್ಜಿಕೊಂಡು ಹೊರಡುತ್ತೀರಿ, ಗಿಡಗಳ ಮೇಲಿನ ಜೇಡರ ಬಲೆಯಲ್ಲೆಲ್ಲಾ ಇಬ್ಬನಿ. ಅರ್ಧ ಗಂಟೆಗೆ ಸ್ವೆಟರ್ ಸೊಂಟಕ್ಕೆ ಬರುತ್ತದೆ. ಬಂಡೆ ದಾಟಿದರೆ ಬಹುಪಾಲು ಬೋಳು ಹುಲ್ಲುಗುಡ್ಡ. ತುದಿಗಿಂತ ಸ್ವಲ್ಪ ಕೆಳಗೆ ಸಿಗುವ ಶೋಲಾ, ಅಂದರೆ ಹುಲ್ಲುಗುಡ್ಡಗಳ ಮಡಿಲಿನ ದಟ್ಟ ಕಾಡು, ಬಿಟ್ಟರೆ ನೆರಳೇ ಇಲ್ಲ ಅನ್ನಬೇಕು. ಮೋಸ ಮಾಡುವುದು ಗಾಳಿ. ಬೆವರು ಬಂದದ್ದು ಬಂದ ಹಾಗೇ ಆರಿಹೋಗುತ್ತದೆ, ಬಾಯಾರಿಕೆ ಗೊತ್ತಾಗುವುದಿಲ್ಲ. ಆಮೇಲೆ ಒಮ್ಮೆಲೇ ತಲೆನೋವು, ತೊಡೆಯಲ್ಲಿ ಸೆಳೆತ. ಕೆಳಗಿನ ತೊರೆ ಈ ಕಾಲದಲ್ಲಿ ಸಣಕಲು, ಮೇಲೆ ನೀರು ಸಿಗುತ್ತೆ ಅಂತ ನಂಬಬೇಡಿ. ಒಬ್ಬೊಬ್ಬರಿಗೆ ಮೂರು ಲೀಟರ್ ಹೊರಿ. ಅದರಲ್ಲಿ ಒಂದು ಬಾಟಲಿಗೆ ಓಆರ್‌ಎಸ್ ಕಲಸಿ. ಅರ್ಧ ನೀರು ಖಾಲಿಯಾದಾಗ ನೀವಿನ್ನೂ ಹತ್ತುತ್ತಲೇ ಇದ್ದರೆ, ತಿರುಗುವ ಯೋಚನೆ ಮಾಡಿ.

ಇನ್ನೊಂದು ಒಣ ಬನಿಯನ್ ಬ್ಯಾಗಿನಲ್ಲಿರಲಿ. ಇದು ಅಕ್ಕ ಹೇಳಿಕೊಟ್ಟ ಉಪಾಯ. ಬೆವರಿದ ಹತ್ತಿ ಬನಿಯನ್ನಿನಲ್ಲಿ ತುದಿಯ ಗಾಳಿಗೆ ನಿಂತರೆ, ಸುಡುವ ಬಿಸಿಲಿನಲ್ಲೂ ಹಲ್ಲು ಕಟಕಟ. ಅಲ್ಲೇ ಬದಲಾಯಿಸಿ, ಮೇಲೆ ಸ್ವೆಟರ್ ಹಾಕಿದೆ. ಸ್ವರ್ಗ.

ತಿನ್ನಲು ಅಕ್ಕಿ ರೊಟ್ಟಿ, ಎಳ್ಳಿನ ಚಟ್ನಿ ಕಟ್ಟಿಸಿಕೊಂಡಿದ್ದೆವು. ಆದರೆ ಮೇಲೆ ಕೂತಾಗ ರೊಟ್ಟಿಗಿಂತ ಬೇಕೆನಿಸಿದ್ದು ಕೊಡಗಿನ ಕಿತ್ತಳೆ. ಈ ಕಾಲಕ್ಕೆ ಸಿಗುತ್ತದೆ, ಸಡಿಲ ಸಿಪ್ಪೆ, ತಣ್ಣಗಾದ ಬೆರಳಲ್ಲೂ ಸುಲಿಯಬಹುದು. ಒಂದು ಕಡೆ ಕೇರಳ, ಇನ್ನೊಂದು ಕಡೆ ನಮ್ಮ ಗುಡ್ಡಗಳು. ಆಕಾಶ ತಿಳಿಯಾಗಿದ್ದರೆ ಸಮುದ್ರ ಕಾಣುತ್ತೆ ಅನ್ನುತ್ತಾರೆ. ನಮಗೆ ಕಂಡಿದ್ದು ಮಂಜಿನ ಗೆರೆ. ಸಿಪ್ಪೆ ಮೇಲೆ ಎಸೆಯಬೇಡಿ, ವಾಪಸ್ ತನ್ನಿ. ಒಣಹುಲ್ಲು ಇರುವಾಗ ಬೀಡಿ ಸಿಗರೇಟು, ಒಲೆ ಯಾವುದೂ ಬೇಡವೇ ಬೇಡ.

ತಯಾರಿ ಅಂದರೆ ಜನ ಹತ್ತುವುದನ್ನೇ ಅಭ್ಯಾಸ ಮಾಡುತ್ತಾರೆ. ನನ್ನ ಕೇಳಿದರೆ ಇಳಿಯುವುದನ್ನು ಮಾಡಿ. ನಾನು ಕುಶಾಲನಗರದವನು, ನಮ್ಮದು ಸಮತಟ್ಟು ಊರು, ದಿನವಿಡೀ ಕುರ್ಚಿ ಕೆಲಸ. ಮೂರು ವಾರ ಮನೆ ಮೆಟ್ಟಿಲನ್ನೇ ನಿಧಾನವಾಗಿ ಹತ್ತಿ ಇಳಿದೆ, ಕೊನೆಯ ವಾರ ಬೆನ್ನಿಗೆ ಐದು ಕೆಜಿ ಅಕ್ಕಿ ಚೀಲ. ಮಂಡಿ ಕೂಗಾಡಲಿಲ್ಲ. ಇಳಿಜಾರಿನಲ್ಲಿ ಒಣಹುಲ್ಲು, ಉರುಟು ಜಲ್ಲಿ ಎರಡೂ ಜಾರುತ್ತವೆ. ಒಂದು ಗಟ್ಟಿ ಕೋಲು ಹಿಡಿದುಕೊಳ್ಳಿ, ಹೆಜ್ಜೆ ಚಿಕ್ಕದಿರಲಿ. ಜಿಗಣೆ ಮಳೆಗಾಲದ ಕಾಟ, ಈಗ ಉಣುಗು. ಹುಲ್ಲಲ್ಲಿ ಕೂತೆದ್ದರೆ ಸಂಜೆ ಸ್ನಾನದ ಹೊತ್ತಿಗೆ ಮೈ ನೋಡಿಕೊಳ್ಳಿ.

ಹೊರಡುವ ಹಿಂದಿನ ದಿನ ಕಾಲುಗುರು ಕತ್ತರಿಸಿ. ಶೂ ಗಲಾಟೆಯಲ್ಲಿ ನಾನು ಇದೊಂದನ್ನು ಮರೆತೆ. ಇಳಿಯುವಾಗ ಹೆಬ್ಬೆರಳು ಶೂ ಮೂತಿಗೆ ಗುದ್ದಿ ಗುದ್ದಿ, ಎಡಗಾಲಿನ ಉಗುರು ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿದೆ. "ಬಿದ್ದು ಹೋದರೆ ಹೊಸದು ಬರುತ್ತೆ ಬಿಡಿ ಮಾಮ, ಶೂ ಥರಾ ದುಡ್ಡು ಕೊಡಬೇಕಾಗಿಲ್ಲ" ಅಂತಾನೆ ಅಕ್ಕನ ಮಗ.