ಕಾಸರಗೋಡಿನವರು ಯಾವ ಸಿನಿಮಾ ನೋಡ್ತೀರಿ?

ಊರು ಕಾಸರಗೋಡು ಅಂದ ಕೂಡಲೇ ಬೆಂಗಳೂರು ಕಡೆಯವರು ಕೇಳುವುದು ಒಂದೇ ಪ್ರಶ್ನೆ. "ಹಾಗಾದ್ರೆ ನೀವು ನೋಡೋದು ಮಲಯಾಳಂ ಸಿನಿಮಾನಾ, ಕನ್ನಡ ಸಿನಿಮಾನಾ?" ಕೆಲವರು "ಅವರದ್ದೇ ಚೆನ್ನಾಗಿರುತ್ತೆ ಅಲ್ವಾ?" ಅಂತ ಉತ್ತರವನ್ನೂ ತಾವೇ ಕೊಟ್ಟುಬಿಡುತ್ತಾರೆ. ಮದುವೆ ಊಟದ ಪಂಕ್ತಿಯಲ್ಲಿ ಇದನ್ನೆಲ್ಲ ವಿವರಿಸುತ್ತಾ ಕೂತರೆ ಪಾಯಸ ತಪ್ಪಿಹೋಗುತ್ತದೆ. ಇಲ್ಲೇ ಬರೆದಿಡುತ್ತೇನೆ.

ನೋಡುವುದು ಮಲಯಾಳಂ ಜಾಸ್ತಿ. ಓದುವುದು ಹೆಚ್ಚುಕಮ್ಮಿ ಕನ್ನಡ ಮಾತ್ರ. ಕನ್ನಡ ಮಾಧ್ಯಮದಲ್ಲಿ ಕಲಿತ ನನ್ನಂಥ ತುಂಬಾ ಜನರ ಕಥೆ ಇದೇ. ಮಲಯಾಳಂ ನಮಗೆ ಪೇಟೆಯಲ್ಲಿ, ಬಸ್ಸಿನಲ್ಲಿ, ವಿಲೇಜ್ ಆಫೀಸಿನಲ್ಲಿ ಕಿವಿಗೆ ಬಿದ್ದು ಬಂದದ್ದು. ಅಕ್ಷರ ಗೊತ್ತಿರುವುದು ಬಸ್ಸಿನ ಬೋರ್ಡು ಓದುವಷ್ಟು. ಸಿನಿಮಾಕ್ಕೆ ಸಬ್‌ಟೈಟಲ್ ಬೇಡ, ಕಾದಂಬರಿ ಕೈಗೆ ಕೊಟ್ಟರೆ ಒಂದು ಪುಟ ದಾಟುವಷ್ಟರಲ್ಲಿ ನಿದ್ದೆ ಬರುತ್ತದೆ.

ಈಗ ಯಾವುದು ಇಷ್ಟ ಅನ್ನುವ ವಿಷಯ. ಈಚಿನ ವರ್ಷಗಳಲ್ಲಿ ಮಲಯಾಳಂನವರು ನಮ್ಮ ಜಿಲ್ಲೆಯನ್ನು ಚೆನ್ನಾಗಿಯೇ ಹಿಡಿದುಕೊಂಡಿದ್ದಾರೆ. 2017ರಲ್ಲಿ ದಿಲೀಶ್ ಪೋತ್ತನ್ ಅವರ 'ತೊಂಡಿಮುದಲುಂ ದೃಕ್ಸಾಕ್ಷಿಯುಂ' ಬಂತು. ತೆಂಕಣ ಕೇರಳದ ಗಂಡಹೆಂಡತಿ ಬದುಕು ಕಟ್ಟಿಕೊಳ್ಳಲು ಕಾಸರಗೋಡಿಗೆ ಬರುತ್ತಾರೆ. ಬಸ್ಸಿನಲ್ಲಿ ಹೆಂಡತಿಯ ಸರ ಕಳವಾಗುತ್ತದೆ. ಸಿಕ್ಕಿಬಿದ್ದ ಕಳ್ಳ ಫಹಾದ್ ಫಾಸಿಲ್ ಅದನ್ನು ನುಂಗಿಬಿಟ್ಟಿದ್ದಾನೆ. ಪೊಲೀಸರು ಅವನಿಗೆ ಬಾಳೆಹಣ್ಣು ತಿನ್ನಿಸಿ ಕಾಯುತ್ತಾರೆ. ದೂರು ಕೊಟ್ಟವನ ಹೆಸರು ಪ್ರಸಾದ್, ಕಳ್ಳನೂ ತನ್ನ ಹೆಸರು ಪ್ರಸಾದ್ ಅಂತಲೇ ಹೇಳುತ್ತಾನೆ. ಕಥೆಯ ಮುಕ್ಕಾಲು ಪಾಲು ನಡೆಯುವುದು ಶೇಣಿ ಪೊಲೀಸ್ ಸ್ಟೇಷನ್ನಿನಲ್ಲಿ.

ನಮಗೆ ಶೇಣಿ ಅಂದರೆ ಯಕ್ಷಗಾನದ ಶೇಣಿ ಗೋಪಾಲಕೃಷ್ಣ ಭಟ್ಟರು. ವೇಷ ಕಟ್ಟದೆ ಕೂತು ಮಾತಿನಲ್ಲೇ ವಾದಿಸುವ ತಾಳಮದ್ದಳೆಯಲ್ಲಿ ವಾಲಿಯ ಅರ್ಥ ಹೇಳಲು ಅವರು ಕೂತರೆ ಎದುರಿನ ರಾಮನಿಗೆ ಬೆವರು ಬರುತ್ತಿತ್ತು ಅಂತ ಹಿರಿಯರು ಇವತ್ತಿಗೂ ಹೇಳುತ್ತಾರೆ. ಆ ಸಿನಿಮಾ ನೋಡುವಾಗ ನನಗೆ ಸುಮ್ನೆ ಒಂದು ಯೋಚನೆ ಬಂತು. ಆ ಕಳ್ಳನ ಪರವಾಗಿ ವಾದಿಸಲು ಶೇಣಿಯವರು ಸ್ಟೇಷನ್ನಿನ ಬೆಂಚಿನಲ್ಲಿ ಕೂತಿದ್ದರೆ ಬೆಳಗಿನ ಜಾವದವರೆಗೂ ಎಫ್‌ಐಆರ್ ಬರೆದು ಮುಗಿಯುತ್ತಿರಲಿಲ್ಲ.

ಸಿನಿಮಾ ನನಗೆ ತುಂಬಾ ಇಷ್ಟ. ಆದರೆ ಒಂದು ತಕರಾರು ಉಂಟು. ಆ ಶೇಣಿ ದಕ್ಷಿಣದಿಂದ ಬಂದವರ ಕಣ್ಣಿಗೆ ಕಂಡ ಶೇಣಿ. ದೂರದ, ಒಣ, ನೀರಿಲ್ಲದ ನೆಲ. ನೀರಿಗೆ ಕಷ್ಟ ಇರುವುದು ಸುಳ್ಳಲ್ಲ. ಮುರಕಲ್ಲಿನ ಗುಡ್ಡಕ್ಕೆ ಅಡ್ಡಡ್ಡ ಸುರಂಗ ಕೊರೆದು ನೀರು ತೆಗೆಯುವ ಊರು ನಮ್ಮದು. ಆ ನೀರು ಗುಡ್ಡದ ಬುಡದ ಅಡಿಕೆ ತೋಟಕ್ಕೆ ಇಳಿಯುತ್ತದೆ. ತೋಟದ ಮನೆಯಲ್ಲಿ ಯಾರೋ ಕನ್ನಡದಲ್ಲೋ ತುಳುವಿನಲ್ಲೋ ಬೈಯುತ್ತಿರುತ್ತಾರೆ. ಆ ಬೈಗುಳ ಕ್ಯಾಮೆರಾದ ಕಿವಿಗೆ ಅಷ್ಟಾಗಿ ಬಿದ್ದಿಲ್ಲ.

2022ರ 'ನ್ನಾ ತಾನ್ ಕೇಸ್ ಕೊಡ್' ನನಗೆ ಇದಕ್ಕಿಂತಲೂ ಒಂದು ಹಿಡಿ ಜಾಸ್ತಿ ಇಷ್ಟ. ಹಳೇ ಕಳ್ಳನೊಬ್ಬ ರಸ್ತೆಯ ಹೊಂಡದಿಂದಾಗಿ ನಾಯಿ ಬಾಯಿಗೆ ಸಿಕ್ಕಿ, ಕೊನೆಗೆ ಮಂತ್ರಿಯ ಮೇಲೆಯೇ ಕೇಸು ಹಾಕುತ್ತಾನೆ. ಮ್ಯಾಜಿಸ್ಟ್ರೇಟ್ ಪಾತ್ರ ಮಾಡಿದ ಪಿ. ಪಿ. ಕುಞಿಕೃಷ್ಣನ್ ನಿಜದಲ್ಲಿ ಶಾಲೆ ಮೇಷ್ಟ್ರಾಗಿದ್ದವರು. ಅದು ನೋಡಿದರೇ ಗೊತ್ತಾಗುತ್ತದೆ. ಕೋರ್ಟಿನಲ್ಲಿ ಅವರು ಗದರುವುದು ಹೋಂವರ್ಕ್ ತಾರದ ಹುಡುಗರನ್ನು ಗದರಿದ ಹಾಗೆಯೇ. "ಥಿಯೇಟರಿಗೆ ಬರುವ ದಾರಿಯಲ್ಲಿ ಹೊಂಡ ಇದೆ, ಆದರೂ ಬನ್ನಿ" ಅನ್ನುವ ಅದರ ಜಾಹೀರಾತಿನ ಮೇಲೆ ಆಗ ರಾಜಕೀಯದವರು ದೊಡ್ಡ ಗಲಾಟೆಯನ್ನೇ ಮಾಡಿದರು. ತಲಪಾಡಿಯಿಂದ ಕಾಸರಗೋಡಿಗೆ ಮಳೆಗಾಲದಲ್ಲಿ ಬೈಕು ಓಡಿಸಿದವರಿಗೆ ಅದರಲ್ಲಿ ಗಲಾಟೆ ಮಾಡುವಂಥದ್ದು ಏನೂ ಕಾಣಲಿಲ್ಲ.

ಇನ್ನು ಕನ್ನಡದವರು ನಮ್ಮ ಬಗ್ಗೆ ಮಾಡಿದ್ದು. 2018ರ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಎಲ್ಲರಿಗೂ ಗೊತ್ತು. ಮಕ್ಕಳ ಸಿನಿಮಾ ಅಂತ ರಾಷ್ಟ್ರಪ್ರಶಸ್ತಿಯೂ ಬಂತು. ಕನ್ನಡ ಬಾರದ ಶಿಕ್ಷಕರನ್ನು ಕನ್ನಡ ಶಾಲೆಗೆ ಹಾಕುವುದು ಕಲ್ಪನೆಯೇನೂ ಅಲ್ಲ, ಅದರ ವಿರುದ್ಧ ಇಲ್ಲಿ ಮತ್ತೆ ಮತ್ತೆ ಪ್ರತಿಭಟನೆ ನಡೆದಿದೆ. ಮೇಷ್ಟ್ರು ಬೋರ್ಡಿನ ಮೇಲೆ ಲೆಕ್ಕ ಬಿಡಿಸಿ, ತಿರುಗಿ "ಮನಸ್ಸಿಲಾಯೋ?" (ಅರ್ಥವಾಯ್ತಾ?) ಅಂತಾರೆ. ಮಕ್ಕಳೆಲ್ಲ ತಲೆ ಆಡಿಸುತ್ತಾರೆ. ಅವರಿಗೆ ಅರ್ಥವಾಗಿರುವುದು ಆ ಒಂದು ಶಬ್ದ ಮಾತ್ರ. ಈ ಸಂಕಟವನ್ನು ಕರ್ನಾಟಕದ ಮೂಲೆಮೂಲೆಗೆ ಮುಟ್ಟಿಸಿದ್ದಕ್ಕೆ ಆ ಸಿನಿಮಾಕ್ಕೆ ಒಂದು ನಮಸ್ಕಾರ. ಅನಂತ್ ನಾಗ್ ಕೋರ್ಟಿನಲ್ಲಿ ಮಾತಾಡುವಾಗ ನಾನೂ ಚಪ್ಪಾಳೆ ಹೊಡೆದವನೇ.

ಆದರೆ ಅದರಲ್ಲಿ ಮಲಯಾಳಿ ಅಂದರೆ ಎದುರು ಪಕ್ಷ. ನಮ್ಮ ಶಾಲೆಯಲ್ಲಿ ಹಾಗಿರಲಿಲ್ಲ ಮಾರಾಯ್ರೆ. ಕನ್ನಡ ಮಾಧ್ಯಮದ ಒಂದೇ ಬೆಂಚಿನಲ್ಲಿ ಮನೆಯಲ್ಲಿ ತುಳು ಮಾತಾಡುವವನು, ಬ್ಯಾರಿ ಮಾತಾಡುವವನು, ಮರಾಠಿ ಮಾತಾಡುವವನು, ಮಲಯಾಳಂ ಮಾತಾಡುವವನು, ಎಲ್ಲರೂ ಇದ್ದರು. ಜಗಳ ಇದ್ದದ್ದು ಕಿಟಕಿ ಪಕ್ಕದ ಜಾಗಕ್ಕೆ. ಮಲಯಾಳಂನವರ ಕಾಸರಗೋಡಿನಲ್ಲಿ ನನ್ನ ಮನೆ ಇಲ್ಲ, ಕನ್ನಡದವರ ಕಾಸರಗೋಡಿನಲ್ಲಿ ನನ್ನ ಪೇಟೆ ಇಲ್ಲ. ಯಾವುದು ಇಷ್ಟ ಅಂತ ಕೇಳಿದಾಗ ನಾನು ತಡವರಿಸುವುದು ಇದೇ ಕಾರಣಕ್ಕೆ.

ಟಿವಿ ವಿಷಯ ಬೇಗ ಮುಗಿಸುತ್ತೇನೆ. ನಮ್ಮ ಮನೆಯಲ್ಲಿ ಅಮ್ಮನಿಗೆ 'ಸಿಲ್ಲಿ ಲಲ್ಲಿ' ಆಗಬೇಕಿತ್ತು. "ಸಮಾಜ ಸೇವಕಿ ಲಲಿತಾಂಬ" ಅಂತ ಕೇಳಿದರೆ ಸೌಟು ಹಿಡಿದುಕೊಂಡೇ ಹೊರಗೆ ಬರುತ್ತಿದ್ದರು. ನನಗೆ ಮಳವಿಲ್ ಮನೋರಮಾದ 'ಮರಿಮಾಯಂ'. ಸರ್ಕಾರಿ ಕಚೇರಿಯ ಕಥೆಗಳು. ಒಂದು ಸರ್ಟಿಫಿಕೇಟಿಗೆ ಅಲೆಯುವವನ ಗೋಳು ನೋಡಿ ನಗುವುದಕ್ಕೆ ಯಾವ ಭಾಷೆಯೂ ಬೇಕಾಗಿಲ್ಲ, ಅಂಥ ಕಚೇರಿಗೆ ಒಮ್ಮೆ ಹೋಗಿ ಬಂದಿದ್ದರೆ ಸಾಕು. ಕನ್ನಡದಲ್ಲಿ ಈಗ ನಗಿಸುವುದೆಲ್ಲ ವೇದಿಕೆ ಹತ್ತಿ ಕೂಗುವ ಶೋಗಳಾಗಿವೆ. ಕಿವಿ ನೋಯುತ್ತದೆ.

ಪುಸ್ತಕಕ್ಕೆ ಬಂದರೆ ನನಗೆ ತಡವರಿಕೆಯೇ ಇಲ್ಲ. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. ಅವರು ಹುಟ್ಟಿದ್ದು ಕಾಸರಗೋಡಿನಲ್ಲೇ, 1936ರಲ್ಲಿ. ಓದಿದ್ದು ಕನ್ನಡ ಶಾಲೆಯಲ್ಲಿ, ಬರೆದದ್ದು ಕನ್ನಡದಲ್ಲಿ. ಅಪ್ಪನ ಹಟಕ್ಕೆ ಗಂಡನಿಂದ ತಲಾಖ್ ಪಡೆದ ನಾದಿರಾ, ಮತ್ತೆ ಅದೇ ಗಂಡನನ್ನು ಸೇರಬೇಕಾದರೆ ಇನ್ನೊಬ್ಬನನ್ನು ಮದುವೆಯಾಗಿ ಬರಬೇಕು. ಪುಸ್ತಕ ತೆಳ್ಳಗಿದೆ, ಒಂದು ಮಧ್ಯಾಹ್ನಕ್ಕೆ ಮುಗಿಯುತ್ತದೆ. ಅದರಲ್ಲಿ ಕಾಸರಗೋಡನ್ನು ಯಾರಿಗೂ ಪರಿಚಯ ಮಾಡಿಸುವ ಗಡಿಬಿಡಿ ಇಲ್ಲ. ಹೊಳೆ ಇದೆ, ದೋಣಿ ಇದೆ, ಮನೆ ಇದೆ, ಅಲ್ಲಿ ಜನ ಇದ್ದಾರೆ, ಅಷ್ಟೇ. ಭಾಷೆ ಯಾವುದು ಅನ್ನುವುದು ಓದುವವನಿಗೆ ನೆನಪೇ ಆಗುವುದಿಲ್ಲ. ನಮ್ಮೂರಿನ ಬಗ್ಗೆ ಸಿನಿಮಾ ಮಾಡಲು ಹೊರಡುವವರು, ಎರಡೂ ಕಡೆಯವರು, ಮೊದಲು ಇದನ್ನು ಓದಬೇಕು ಅಂತ ನನ್ನ ಆಸೆ.

ಎಲ್ಲ ಹೇಳಿದ ಮೇಲೂ ಕೆಲವರು "'ಕಾಂತಾರ' ಬಗ್ಗೆ ಏನೂ ಹೇಳಲಿಲ್ಲ" ಅನ್ನುತ್ತಾರೆ. ಹೌದು, ನಮ್ಮಲ್ಲೂ ಭೂತ ಕೋಲ ಇದೆ. ಚಂದ್ರಗಿರಿ ಹೊಳೆ ದಾಟಿ ಕಾಞಂಗಾಡಿನ ಕಡೆ ಹೋದರೆ ತೆಯ್ಯಂ. ಸಿನಿಮಾದ ಕೊನೆಯ ಭಾಗ ನೋಡಿ ನನಗೂ ಮೈ ಜುಂ ಅಂದಿತು. ನಾಯಕ ಹುಡುಗಿಯ ಸೊಂಟ ಚಿವುಟುವ ಭಾಗಕ್ಕೆ ಎದ್ದು ಚಾ ಕುಡಿದು ಬರಬಹುದು.